ತುಕ್ಕಾನಟ್ಟಿಯ ಓದುಗ

ಬೆಳಗಿನಿಂದ ಮೂರನೆಯ ಸಲ ಪೋಸ್ಟ್ ಕಾರ್ಡನ್ನು ಕಿಸೆಯಿಂದ ತೆಗೆದು ನೋಡಿದಾಗಲೂ ಅದರಲ್ಲಿನ ಅಕ್ಷರಗಳು ಬದಲಾಗಿರಲಿಲ್ಲ. ‘ಸಂತಿ ದಿನ ಹುಕ್ಕೇರಿಗೆ ಬರಾಂವ ಅದೇನಿ. ಮಧ್ಯಾಹ್ನದ ಮ್ಯಾಲ ನಿಮ್ಮ ಕ್ಲಾಸಿಗೆ ಬಂದು ಒಂದು ಮಾತು ಕೇಳೂದೈತಿ. ಇಂತಿ ನಿಮ್ಮ ಓದುಗ, ಸತ್ತೆಪ್ಪ, ತುಕ್ಕಾನಟ್ಟಿ.’ ಯಾವ ಮಾತು ಎಂದು ಬರೆಯದೆ ಬಿಟ್ಟದ್ದರಲ್ಲೇ ಏನೋ ಹಿಕ್ಮತ್ತಿದೆ ಎಂದು ಜಿನೇಂದ್ರನಿಗೆ ಅನಿಸಿತು. ಬಸದಿಯ ಅಂಗಳದಲ್ಲಿ ಬಿಳಿ ಬಟ್ಟೆ ಉಟ್ಟ ಜನ ಒಬ್ಬರಿಗೊಬ್ಬರು ಕೈ ಮುಗಿಯುತ್ತಿದ್ದರು. ಹತ್ತು ದಿನದ ಪರ್ವ ಮುಗಿದು ಇವತ್ತು ಕ್ಷಮಾವಣಿ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ ಎದುರು ಬಂದವರ ಹತ್ತಿರ ಕ್ಷಮೆ ಕೇಳುವ ದಿನ. ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲ. ಈ ಕೆಲಸದಲ್ಲಿ ಜಿನೇಂದ್ರ ಬಲು ಚುರುಕು. ‘ಉತ್ತಮ ಕ್ಷಮಾ’ ಎಂದು ಕೈ ಜೋಡಿಸುವುದು, ಆ ಕಡೆಯಿಂದ ‘ಉತ್ತಮ ಕ್ಷಮಾ’ ಬಂದ ಕೂಡಲೇ ಮುಂದಿನವರ ಕಡೆ ತಿರುಗುವುದು. ಬಾಜೂ ಮನೆಯ ಧನಪಾಲ ಕಾಕಾನ ಜೊತೆ ಗಟಾರದ ಸಲುವಾಗಿ ಆರು ತಿಂಗಳು ನಡೆಸಿದ ಜಗಳ ಹೀಗೆ ಒಂದೇ ಉಸಿರಿನಲ್ಲಿ ಹರಿದುಹೋಯಿತು. ಅಂಗಳದ ಆ ಬದಿ ಹೆಂಗಸರ ಗುಂಪಿನಲ್ಲಿ ತಂಗಿ ಭಕ್ತಿ ನಿಂತಿದ್ದಳು. ಹತ್ತು ದಿನ ಒಪ್ಪತ್ತು ಉಂಡು ಅವಳ ಮುಖ ಸಣ್ಣಗಾಗಿತ್ತು. ಈ ಸಲ ಮಂತ್ರ ಒಪ್ಪಿಸಿದ ಹಾಗೆ ಒಪ್ಪಿಸಬಾರದು, ತಪ್ಪಿನ ಹೆಸರು ಹಿಡಿದು ಕೇಳಬೇಕು ಎಂದು ಅವನು ನಿನ್ನೆಯೇ ನಿಶ್ಚಯ ಮಾಡಿದ್ದ. ಅವಳು ತಲೆ ಎತ್ತಿ ಇವನ ಕಡೆ ನೋಡಿದಳು. ಅವನು ಚಪ್ಪಲಿ ಹುಡುಕತೊಡಗಿದ.

ತಪ್ಪು ದೊಡ್ಡದೇನಲ್ಲ ಎಂದು ಮೂರು ವರ್ಷದಿಂದ ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ. ಗೋಕಾಕದ ವಾರಪತ್ರಿಕೆಯ ಸಂಪಾದಕ ಅಣ್ಣಪ್ಪ ‘ಗಣಕ ಪರಿಚಯ’ ಅಂತ ಒಂದು ಅಂಕಣ ಬರೆದುಕೊಡ್ರಿ ಎಂದು ಕೇಳಿದಾಗ, ಬಸ್ ಸ್ಟ್ಯಾಂಡಿನ ಎದುರು ಭಾಂಡೆ-ಪಾತ್ರೆ ಅಂಗಡಿಯ ಮಾಳಿಗೆಯ ಮೇಲಿದ್ದ ತನ್ನ ಟೈಪಿಂಗ್ ಕ್ಲಾಸನ್ನು ಜಿನೇಂದ್ರ ಕಂಪ್ಯೂಟರ್ ಕ್ಲಾಸು ಮಾಡಿ ಒಂದು ವರ್ಷವಷ್ಟೇ ಆಗಿತ್ತು. ಮೊದಲ ನಾಲ್ಕು ವಾರ ಅವನೇ ಬರೆದ. ‘ಗಣಕಯಂತ್ರವು ದತ್ತಾಂಶವನ್ನು ಸಂಸ್ಕರಿಸುವ ವಿದ್ಯುನ್ಮಾನ ಸಾಧನವಾಗಿದ್ದು, ಅದರ ಅಂಗಗಳು ಕೆಳಕಂಡಂತಿವೆ.’ ಐದನೆಯ ವಾರ ಅಣ್ಣಪ್ಪನ ಫೋನು ಬಂತು. ‘ಸರ್ರ, ಸಿಟ್ಟಾಗಬ್ಯಾಡ್ರಿ. ನಮ್ಮಲ್ಲಿ ಕಂಪೋಜ್ ಮಾಡೂ ಫಕೀರವ್ವ ನಿಮ್ಮ ಲೇಖನ ಹೊಡಿಯೂ ಮುಂದ ತೂಕಡಸಾಕತ್ತಾಳ್ರಿ.’ ಹಿಂದೆ ಯಾರೋ ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಆ ನಗು ಇವತ್ತಿಗೂ ಅವನ ಕಿವಿಯಿಂದ ಹೋಗಿಲ್ಲ. ಗೋಕಾಕದ ಕಡೆ ಹೋಗುವ ಬಸ್ಸು ಕಂಡರೂ ಮುಖ ಬಿಸಿಯಾಗುತ್ತದೆ. ಅಂದು ಸಂಜೆ ಮೇಜಿನ ಡ್ರಾವರಿನಲ್ಲಿ ಕೈಗೆ ಸಿಕ್ಕಿದ್ದು, ಹೆಂಗಸರ ಬ್ಯಾಚಿಗೆಂದು ಭಕ್ತಿ ಹಳೆಯ ಟೈಪಿಂಗ್ ಹಾಳೆಗಳ ಬೆನ್ನ ಮೇಲೆ ಬರೆದಿಟ್ಟುಕೊಂಡ ನೋಟ್ಸು. ಗಂಡನ ಮನೆಯಿಂದ ತಿರುಗಿ ಬಂದ ಮೇಲೆ ಅವಳು ಕ್ಲಾಸಿನ ಕಸ ಗುಡಿಸುತ್ತಿದ್ದಳು, ಕಂಪ್ಯೂಟರುಗಳಿಗೆ ಹೊದಿಕೆ ಹೊಲಿಯುತ್ತಿದ್ದಳು, ಮಧ್ಯಾಹ್ನ ಹೆಂಗಸರಿಗೆ ಕಲಿಸುತ್ತಿದ್ದಳು. ಅವಳು ಬರೆಯುತ್ತಾಳೆ ಎಂಬುದು ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ‘ಮೌಸು ಹಿಡಿಯೂದಂದ್ರ ಮಲಗಿದ ಕೂಸಿನ ಮ್ಯಾಲ ಕೈ ಇಟ್ಟಂಗ. ಒತ್ತಿದ್ರ ಎದ್ದು ಅಳತೈತಿ.’ ಅದರ ಕೆಳಗೆ: ‘ಒಲಿ ಮ್ಯಾಲ ಹಾಲಿಟ್ಟು ಬಾಜೂ ಮನಿಗೆ ಮಾತಾಡಾಕ ಹೋಗ್ತೀರೇನು? ಹಂಗ, ಬರದದ್ದನ್ನ ಕಾದಿಡದ ಎದ್ದು ಹೋಗಬ್ಯಾಡ್ರಿ. ಹುಕ್ಕೇರಿ ಕರೆಂಟು ಯಾರ ಮಾತೂ ಕೇಳೂದಿಲ್ಲ.’ ಅವನು ನಿಂತಲ್ಲೇ ಎಲ್ಲವನ್ನೂ ಓದಿದ. ಹೊಟ್ಟೆ ಉರಿಯಿತು. ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡವಳು ಇದನ್ನು ಎಲ್ಲಿಂದ ಕಲಿತಳು ಎಂದು ಉರಿಯಿತು. ಆಮೇಲೆ ಕೂತು ನಕಲು ಮಾಡಿದ, ಕೆಳಗೆ ತನ್ನ ಹೆಸರು ಬರೆದ, ಲಕೋಟೆಯನ್ನು ಗೋಕಾಕದ ಬಸ್ಸಿನ ಡ್ರೈವರ್ ಸದಾಶಿವನ ಕೈಗೆ ಕೊಟ್ಟ. ಆಮೇಲೆ ವಾರ ವಾರವೂ ಅದೇ ನಡೆಯಿತು.

ನಕಲು ಮಾಡುವಾಗ ಒಂದೇ ಒಂದು ಮಾತು ಬಿಟ್ಟಿದ್ದ. ಬರೆದದ್ದನ್ನು ಅಳಿಸುವ ಪಾಠದ ಕೊನೆಗೆ ಅವಳು ಬರೆದಿದ್ದಳು: ‘ಅಳಸೂಕಿನ ಮೊದಲ ಕಂಪ್ಯೂಟರ್ ಒಂದ ಸಲ ಕೇಳತೈತಿ, ಖರೇನ ಅಳಸಲೇನು ಅಂತ. ಮನಿ ಮಂದಿ ಹಂಗ ಕೇಳೂದಿಲ್ಲ.’ ಪಾಠಕ್ಕೂ ಮನೆ ಮಂದಿಗೂ ಏನು ಸಂಬಂಧ ಎಂದು ಗೊಣಗುತ್ತ ಆ ಮಾತನ್ನು ತೆಗೆದುಹಾಕಿದ. ಲೇಖನ ಅಚ್ಚಾಗಿ ಎಂಟು ದಿನಕ್ಕೆ ತುಕ್ಕಾನಟ್ಟಿಯಿಂದ ಕಾರ್ಡು ಬಂತು. ‘ಈ ವಾರದ ಲೇಖನದ ಕಡೀಕ ಒಂದು ಮಾತು ಇದ್ದಿರಬೇಕು. ಯಾರೋ ಕಿತ್ತಾರ. ಮರಿ ಕಳಕೊಂಡ ಕುರಿ ನಡದಂಗ ಐತ್ರಿ ಲೇಖನ, ಹಿಂದ ಹಿಂದ ನೋಡಿಕೋತ.’ ಅಂದು ಜಿನೇಂದ್ರನಿಗೆ ಮೊದಲ ಸಲ ಅಂಜಿಕೆ ಆಯಿತು.

ಸತ್ತೆಪ್ಪ ಕುರಿ ಕಾಯುವ ಮನೆತನದವನು. ಕಂಪ್ಯೂಟರನ್ನು ಕಣ್ಣಿನಿಂದ ಕಂಡವನಲ್ಲ. ಹಾಗೆಂದು ಅವನೇ ಮೊದಲ ಕಾರ್ಡಿನಲ್ಲಿ ಬರೆದಿದ್ದ. ಚಹಾದ ಅಂಗಡಿಗೆ ಬರುವ ಪೇಪರುಗಳಲ್ಲಿ ಕಂಪ್ಯೂಟರಿನ ಮೇಲೆ ಯಾರು ಏನು ಬರೆದರೂ ಕತ್ತರಿಸಿ ಚೀಲದಲ್ಲಿ ಇಟ್ಟುಕೊಳ್ಳುವುದು ಅವನ ಹುಚ್ಚು. ‘ಯಂತ್ರ ನನಗ ಬೇಕಾಗಿಲ್ರಿ. ಕಾಣದ ವಸ್ತು ಕಣ್ಣಿಗೆ ಕಟ್ಟುವಂಗ ಯಾರು ಹೆಂಗ ಹೇಳ್ತಾರ ಅಂತ ನೋಡೂದು ನನಗೊಂದು ಸುಖ.’ ಬೆಂಗಳೂರಿನ ಭಾನುವಾರದ ಪೇಪರಿನಲ್ಲಿ ಬರೆಯುವವನ ಬಗ್ಗೆ: ‘ಅಂವ ಇಸ್ತ್ರಿ ಅಂಗಿ ಹಾಕ್ಕೊಂಡು ನಿಂತು ಮಾತಾಡ್ತಾನ. ಹತ್ತರ ಹೋಗಾಕ ಆಗೂದಿಲ್ಲ, ಆದ್ರ ಒಂದು ಮಾತೂ ಹೆಚ್ಚಿಲ್ಲ, ಒಂದೂ ಕಡಿಮಿ ಇಲ್ಲ. ಅದೂ ಒಂದು ಚಂದ.’ ಹುಬ್ಬಳ್ಳಿಯವನ ಬಗ್ಗೆ: ‘ಭಾಳ ನಗಸ್ತಾನ. ನಕ್ಕ ಮ್ಯಾಲ ಏನ್ ಹೇಳಿದ್ನೋ ನೆನಪ ಉಳಿಯೂದಿಲ್ಲ. ಸಂತಿಗೆ ಹೋಗಿ ಬರೇ ಚಹಾ ಕುಡದು ಬಂದಂಗ.’ ಕೊಲ್ಲಾಪುರದ ಮರಾಠಿ ಪೇಪರಿನವನು ತನಗೂ ಗೊತ್ತಿಲ್ಲ ಎಂದೇ ಶುರು ಮಾಡಿ ಓದುವವರ ಜೊತೆಯಲ್ಲೇ ಕಲಿಯುತ್ತಾನಂತೆ, ಅಂಥವನ ಮೇಲೆ ಸತ್ತೆಪ್ಪನಿಗೆ ಬಹಳ ಜೀವ. ‘ಇನ್ನ ನಿಮ್ಮ ಹೆಸರಿನ್ಯಾಗ ಬರಿಯಾವ್ರು. ಇವರು ಕಲಸೂ ಹಂಗ ತೋರ್ಸೂದ ಇಲ್ಲ. ಬಾಜೂಕ ಕುಂತು ಕಾಳು ಆರಿಸಿಕೋತ ಮಾತಾಡ್ತಾರ. ಅವರು ಎದ್ದು ಹ್ವಾದ ಮ್ಯಾಲ ನೋಡಿದ್ರ ನಮಗ ಎಲ್ಲಾ ತಿಳದಿರತೈತಿ.’ ನಿಮ್ಮ ಹೆಸರಿನಲ್ಲಿ ಬರೆಯುವವರು. ಹಳ್ಳಿಯವನ ಭಾಷೆ, ಇರಲಿ ಎಂದು ಜಿನೇಂದ್ರ ಮೊದಲು ನಕ್ಕು ಸುಮ್ಮನಾದ. ಆಮೇಲೆ ಕದ್ದುಮುಚ್ಚಿ ಆ ಪೇಪರುಗಳನ್ನೆಲ್ಲ ತರಿಸಿ ಓದತೊಡಗಿದ. ಇಸ್ತ್ರಿ ಅಂಗಿಯವನು ನಿಜವಾಗಿಯೂ ಇಸ್ತ್ರಿ ಅಂಗಿಯಲ್ಲೇ ನಿಂತಿದ್ದ. ಹೆಸರು ಮುಚ್ಚಿ ಓದಿದರೂ ಇದು ಇಂಥವನದು ಎಂದು ಹೇಳುವಷ್ಟು ಅವನ ಕಣ್ಣು ಪಳಗಿತು. ಕುರಿ ಕಾಯುವವನೊಬ್ಬ ಕಾರ್ಡಿನ ಮೇಲೆ ಅವನಿಗೆ ಓದುವುದನ್ನು ಕಲಿಸಿದ್ದ, ಅದೇ ಅವನಿಗೆ ಮುಳುವಾಯಿತು. ಹಾಗೆ ಪಳಗಿದ ಕಣ್ಣಿಗೆ ತನ್ನ ಮೊದಲ ನಾಲ್ಕು ಲೇಖನಗಳು ಬಿದ್ದಾಗ ಅವನಿಗೆ ಅಲ್ಲಿ ಯಾರೂ ಕಾಣಿಸಲಿಲ್ಲ.

ಸಂತೆಯ ಗದ್ದಲದಲ್ಲಿ ದಾರಿ ಮಾಡಿಕೊಂಡು ಮಾಳಿಗೆಯ ಮೆಟ್ಟಿಲು ಹತ್ತುವಾಗ ಮೇಲಿನಿಂದ ಟೈಪ್ ಮಾಡುವ ಸದ್ದು ಕೇಳುತ್ತಿತ್ತು. ಒಂದೇ ಸಮನೆ, ತಾಳ ತಪ್ಪದೆ. ಬಸದಿಯಿಂದ ಇವನಿಗಿಂತ ಮೊದಲೇ ಬಂದಿದ್ದಾಳೆ. ಅರ್ಧ ಮೆಟ್ಟಿಲಿಗೆ ಬರುವಷ್ಟರಲ್ಲಿ ಸದ್ದು ನಿಂತಿತು. ಒಂದು ವರ್ಷದಿಂದ ಹೀಗೆಯೇ. ಅವನ ಹೆಜ್ಜೆ ಗುರುತು ಹಿಡಿದು ನಿಲ್ಲುತ್ತದೆ. ರಜೆಯ ದಿನ, ಐದು ಕಂಪ್ಯೂಟರುಗಳು ಹೊದಿಕೆ ಹೊದ್ದುಕೊಂಡು ಕೂತಿದ್ದವು. ಭಕ್ತಿ ಆರನೆಯದರ ಮುಂದಿದ್ದಳು. ‘ಪ್ರೆಸ್‌ನಿಂದ ಬಂದೈತಿ, ದಾದಾ’ ಎಂದು ಮೇಜಿನ ಮೇಲಿನ ಕಟ್ಟು ತೋರಿಸಿದಳು. ಅಂಕಣಗಳ ಪುಸ್ತಕದ ಕೊನೆಯ ಪ್ರೂಫು. ಮೊದಲ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅವನ ಹೆಸರು. ಎರಡನೆಯದರಲ್ಲಿ ‘ಲೇಖಕರ ಮಾತು’ ಎಂಬ ತಲೆಬರಹ, ಕೆಳಗೆ ಪೂರಾ ಖಾಲಿ. ನಾಲ್ಕರ ಬಸ್ಸಿಗೆ ಅದನ್ನು ತುಂಬಿ ಕಳಿಸಬೇಕೆಂದು ಅಣ್ಣಪ್ಪ ಎರಡು ಸಲ ಫೋನ್ ಮಾಡಿದ್ದ. ಖಾಲಿ ಹಾಳೆಯ ಮೇಲೆ ಒಂದೇ ಒಂದು ಸಾಲು ಬರೆದರೆ ಸಾಕಿತ್ತು. ಇವನ್ನು ಬರೆದವಳು ನನ್ನ ತಂಗಿ. ನಾಲ್ಕು ಶಬ್ದ. ಅವನು ಪೆನ್ನಿನ ಟೋಪಿ ತೆಗೆದ, ಮತ್ತೆ ಹಾಕಿದ. ಊರು ಏನಂದೀತು, ಅಣ್ಣಪ್ಪ ಏನಂದಾನು, ಮೂರು ವರ್ಷ ಸಭೆ ಸಮಾರಂಭಗಳಲ್ಲಿ ಶಾಲು ಹೊದ್ದುಕೊಂಡ ಈ ಹೆಗಲುಗಳು ಏನಾದಾವು ಎಂದು ಮನಸ್ಸು ಓಡಿತು. ಹಿಂದೆ ಭಕ್ತಿಯ ಬಳೆಗಳ ಸದ್ದಿಲ್ಲ. ಅವಳು ಅಲ್ಲೇ ಇದ್ದಾಳೋ ಇಲ್ಲವೋ ತಿಳಿಯಲಿಲ್ಲ, ತಿರುಗಿ ನೋಡಿದ. ಅವಳು ಇವನ ಕೈಯಲ್ಲಿನ ಪೆನ್ನನ್ನೇ ನೋಡುತ್ತಿದ್ದಳು.

ಹೋದ ವರ್ಷವೂ ಹೀಗೆಯೇ ನೋಡಿದ್ದಳು. ಅದೂ ಕ್ಷಮಾವಣಿಯ ದಿನವೇ. ಪತ್ರಿಕೆ ಕೈಯಲ್ಲಿ ಹಿಡಿದುಕೊಂಡು ಈ ಬಾಗಿಲಲ್ಲೇ ನಿಂತಿದ್ದಳು. ಎರಡು ವರ್ಷ ಏನೂ ಆಡದವಳು ಅಂದು ಬಾಯಿ ತೆರೆದಿದ್ದಳು. ‘ದಾದಾ, ಇದರಾಗ ನನ್ನ…’ ಮುಂದಿನ ಮಾತು ಬರುವ ಮೊದಲೇ ಅವನು ಎದ್ದು ನಿಂತು ಎರಡೂ ಕೈ ಜೋಡಿಸಿಬಿಟ್ಟಿದ್ದ. ‘ಉತ್ತಮ ಕ್ಷಮಾ, ಭಕ್ತಿ. ತಿಳದೋ ತಿಳೀದನೋ ಏನರೆ ತಪ್ಪಾಗಿದ್ರ ಕ್ಷಮಾ ಇರಲಿ.’ ಅಣ್ಣ ತಂಗಿಗೆ ಕೈ ಮುಗಿದಿದ್ದಾನೆ, ದಿನ ಅಂಥದ್ದು. ಅವಳು ಇಲ್ಲ ಎಂದರೆ ಹತ್ತು ದಿನದ ಉಪವಾಸ ಮಣ್ಣುಪಾಲು. ಅವಳು ಸ್ವಲ್ಪ ಹೊತ್ತು ಅವನ ಕೈಗಳನ್ನು ನೋಡಿದಳು. ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಾನೂ ಕೈ ಜೋಡಿಸಿ ‘ಉತ್ತಮ ಕ್ಷಮಾ’ ಎಂದಳು. ಅವನಿಗೆ ಆವತ್ತು ಎಷ್ಟು ಹಗುರಾಯಿತೆಂದರೆ ಮಧ್ಯಾಹ್ನ ಎರಡು ಹೋಳಿಗೆ ಹೆಚ್ಚು ತಿಂದ. ದೇವರ ಎದುರಿನ ದಿನ ಕೇಳಿದ್ದಾನೆ, ಅವಳು ಕೊಟ್ಟಿದ್ದಾಳೆ, ಮುಗಿಯಿತು ಎಂದುಕೊಂಡ. ಆ ವಾರದಿಂದ ಅವನು ಹೇಳದೆಯೇ ಅವಳು ಅಂಕಣವನ್ನು ಟೈಪ್ ಮಾಡಿ ಅವನ ಮೇಜಿನ ಮೇಲೆ ಇಡತೊಡಗಿದಳು. ಓದಿದ. ‘ಕಡತವನ್ನು ತೆರೆಯಲು ಕೆಳಕಂಡ ಹಂತಗಳನ್ನು ಅನುಸರಿಸತಕ್ಕದ್ದು.’ ಒಂದು, ಎರಡು, ಮೂರು ಎಂದು ಅಂಕಿ. ಅಣಕಿಸುತ್ತಿದ್ದಾಳೆಯೇ ಎಂದು ಮತ್ತೊಮ್ಮೆ ಓದಿದ. ಅಣಕವಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಅದು ಅವನದೇ ಕೈ. ಆ ಮೊದಲ ನಾಲ್ಕು ವಾರದ ಕೈ, ತಪ್ಪಿಲ್ಲದೆ, ಕೊಂಕಿಲ್ಲದೆ, ಉಸಿರಿಲ್ಲದೆ. ಅಣ್ಣಪ್ಪ ಮಾತ್ರ ಖುಷಿಯಾದ. ‘ಈಗ ಲೇಖನಕ್ಕ ಒಂದು ತೂಕ ಬಂತು ನೋಡ್ರಿ. ಪುಸ್ತಕ ಮಾಡಿಬಿಡೋಣು.’ ಬೇರೆ ಓದುಗರೂ ಏನೂ ಅನ್ನಲಿಲ್ಲ. ತುಕ್ಕಾನಟ್ಟಿಯಿಂದ ಮಾತ್ರ ಕಾರ್ಡು ಬಂತು. ‘ಬರಿಯಾವ್ರು ಬದಲಿ ಆಗ್ಯಾರ. ಮೊದಲಿನಾವ್ರು ಎಲ್ಲಿ?’ ಎರಡು ತಿಂಗಳಿಗೆ ಇನ್ನೊಂದು: ‘ನಿಮಗ ಕೇಳಿದ್ದೆ. ಉತ್ತರ ಬರಲಿಲ್ಲ.’ ಇನ್ನೊಂದು: ‘ಅವರಿಗೆ ಆರಾಮ ಇಲ್ಲೇನ್ರಿ?’ ಪೋಸ್ಟಿನವನು ಕಾರ್ಡು ಕೊಡುವುದು ಬಾಗಿಲ ಹತ್ತಿರ ಕೂತ ಭಕ್ತಿಯ ಕೈಗೆ. ಕಾರ್ಡಿಗೆ ಮುಚ್ಚುಮರೆ ಎಂಬುದಿಲ್ಲ. ಇವನು ಓದಿದ ಪ್ರತಿಯೊಂದನ್ನೂ ಅವಳು ಇವನಿಗಿಂತ ಮೊದಲೇ ಓದಿದ್ದಾಳೆ ಎಂಬುದು ಹೊಳೆದ ದಿನ ಅವನಿಗೆ ಊಟ ಸೇರಲಿಲ್ಲ.

‘ಭಕ್ತಿ’ ಎಂದ. ‘ಆ ಹಳೇ ನೋಟ್ಸು ಎಲ್ಲಿ ಅದಾವು? ಟೈಪಿಂಗ್ ಹಾಳಿ ಬೆನ್ನ ಮ್ಯಾಲ ಬರದಿದ್ದಿಯಲ್ಲ, ಅವು.’

‘ಯಾಕ?’

‘ಹಿಂಗ. ಪುಸ್ತಕದಾಗ ಒಂದೀಟು ಹೇಳಬೇಕಂತ ಮಾಡೇನಿ. ಅವು ನಿನ್ನ…’ ಎಂದವನು ಮಾತು ಹೊರಳಿಸಿದ. ‘ಅವನ್ನ ನೋಡಿಕೊಂಡು ಬರಿಬೇಕಂತ.’

‘ಹಂಡೇದ ಒಲಿಗೆ ಹಾಕೀನಿ, ದಾದಾ.’ ಜಳಕಕ್ಕೆ ನೀರು ಕಾಯಿಸಿದ ಸಂಗತಿ ಹೇಳುವ ಹಾಗೆಯೇ ಹೇಳಿದಳು. ‘ಎರಡೂ ಮಗ್ಗಲಾ ತುಂಬಿದ್ದುವು. ಇನ್ಯಾತಕ್ಕ ಬರತಿದ್ದುವು?’

‘ಕಂಪ್ಯೂಟರ್‌ದಾಗ? ನಿನ್ನ ಹೆಸರಿಂದು ಒಂದು ಫೋಲ್ಡರ್ ಇತ್ತಲ್ಲ?’

‘ಅದನ್ನೂ ತಗದೀನಿ.’

ಅವನು ಎದ್ದು ಆರನೆಯ ಕಂಪ್ಯೂಟರಿನ ಹತ್ತಿರ ಹೋದ. ಅವಳು ಕುರ್ಚಿ ಬಿಟ್ಟುಕೊಟ್ಟು ಗೋಡೆಗೆ ಸರಿದು ನಿಂತಳು. ಮೌಸಿನ ಮೇಲೆ ಕೈ ಇಡುವಾಗ ಮಲಗಿದ ಕೂಸು ನೆನಪಾಯಿತು. ಎಷ್ಟು ಹುಡುಕಿದರೂ ಎಲ್ಲ ಕಡೆ ಅವನ ಹೆಸರಿನ ಫೋಲ್ಡರುಗಳೇ. ಒಂದನ್ನು ತೆರೆದ, ಕೆಳಕಂಡಂತೆ. ಇನ್ನೊಂದನ್ನು ತೆರೆದ, ಅನುಸರಿಸತಕ್ಕದ್ದು. ಕಸದ ಬುಟ್ಟಿಯನ್ನೂ ತೆರೆದು ನೋಡಿದ. ಅಲ್ಲಿ ಏನೂ ಇರಲಿಲ್ಲ. ಕೆಳಗೆ ಸಂತೆಯಲ್ಲಿ ಯಾರೋ ಮೆಣಸಿನಕಾಯಿಗೆ ಕೂಗುತ್ತಿದ್ದರು, ಭಾಂಡೆ ಅಂಗಡಿಯವನು ತಪೇಲಿ ಬಡಿದು ತೋರಿಸುತ್ತಿದ್ದ. ಈ ಗದ್ದಲದ ನಡುವೆ ಮೆಟ್ಟಿಲ ಬುಡದಲ್ಲಿ ಒಂದು ಜೋಡು ಚಪ್ಪಲಿ ಕಳಚಿದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಬಂದವನು ಅವನು ಅಂದುಕೊಂಡ ಹಾಗಿರಲಿಲ್ಲ. ತೆಳ್ಳಗಿನ, ಐವತ್ತರ ಆಚೆಯ ಮನುಷ್ಯ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಟ್ಟೆಯ ಚೀಲ. ಬಾಗಿಲಲ್ಲೇ ನಿಂತು ಎರಡೂ ಕೈ ಮುಗಿದ. ಜಿನೇಂದ್ರನ ಕೈಗಳೂ ರೂಢಿಯಂತೆ ತಾವಾಗಿಯೇ ಕೂಡಿಕೊಂಡವು.

‘ನಾನ್ರಿ, ಸತ್ತೆಪ್ಪ. ಕಾರ್ಡು ಬರದಿದ್ದೆ.’

‘ಬರ್ರಿ, ಕುಂಡರ್ರಿ.’

ಸತ್ತೆಪ್ಪ ಕುರ್ಚಿ ಬಿಟ್ಟು ನೆಲದ ಮೇಲೆ ಕಂಬಳಿ ಹಾಸಿಕೊಂಡು ಕೂತ. ಹೊದಿಕೆ ಹೊದ್ದ ಕಂಪ್ಯೂಟರುಗಳ ಸಾಲನ್ನು ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ. ‘ತಗದು ತೋರಿಸಲೇನ್ರಿ?’ ಎಂದು ಜಿನೇಂದ್ರ ಕೇಳಿದ. ‘ಬ್ಯಾಡ್ರಿ. ನೋಡಿದ್ರ ನಾ ಓದಿದ್ದು ಕೆಡತೈತಿ’ ಎಂದು ಅವನು ಮೆತ್ತಗೆ ನಕ್ಕ. ಭಕ್ತಿ ತಂಬಿಗೆ ತಂದು ಮುಂದಿಟ್ಟಳು. ‘ಬಿಸಲಾಗ ಬಂದೀರಿ, ಮೊದಲ ಒಂದು ಗುಟುಕು ಕುಡದು ಮಾತಾಡ್ರಿ’ ಎಂದಳು. ಅವನು ತಂಬಿಗೆಗೆ ಕೈ ಹಾಕಿದವನು ತಡೆದು ಒಂದು ಕ್ಷಣ ಅವಳ ಮುಖ ನೋಡಿದ, ಆಮೇಲೆ ಕುಡಿದ. ಚೀಲದಿಂದ ಹಳದಿಯಾದ ತುಣುಕುಗಳ ಕಟ್ಟು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಈಗ ಕೇಳುತ್ತಾನೆ, ಕಳ್ಳ ಎನ್ನುತ್ತಾನೆ, ಅವಳ ಎದುರಿಗೇ ಎನ್ನುತ್ತಾನೆ ಎಂದು ಜಿನೇಂದ್ರ ಕಾದ. ಅನ್ನಲಿ, ಅಂದುಬಿಟ್ಟರೆ ಮುಗಿಯುತ್ತದೆ ಎಂದೂ ಅನಿಸಿತು.

‘ತಡಾ ಆತ್ರಿ ಮಾತಾಡ್ಸಾಕ ಬರೂದು’ ಎಂದ ಸತ್ತೆಪ್ಪ. ಸತ್ತವರ ಮನೆಗೆ ಹೋದಾಗ ಎಲ್ಲರೂ ಆಡುವ ಮಾತು. ಸ್ವರವೂ ಅದೇ, ತಗ್ಗಿದ್ದು. ‘ಭಾಳ ದಿನ ಹಾದಿ ನೋಡಿದೆ. ಇವತ್ತಲ್ಲ ನಾಳೆ ಬರೀತಾರ ಅಂತ. ಆಮ್ಯಾಲ ತಿಳಕೊಂಡೆ. ನಮ್ಮವ್ವ ಲಗಮವ್ವ ಕಾಳು ಆರಿಸಿಕೋತ ಹಿಂಗ ಮಾತಾಡತಿದ್ಲ್ರಿ. ಅಕಿ ಹ್ವಾದ ಮ್ಯಾಲ ಹಂಗ ಮಾತಾಡೂದು ನಾ ಮತ್ತ ಕೇಳಿದ್ದು ಇದರಾಗನ.’ ಕಟ್ಟಿನ ಮೇಲೆ ಅಂಗೈ ಇಟ್ಟ. ‘ಆ ತಾಯಿ ಯಾವಾಗ ತೀರಿಕೊಂಡ್ರು, ಸರ್ರ?’

ಜಿನೇಂದ್ರ ಬಾಯಿ ತೆರೆದ. ಇಲ್ಲ, ಇದ್ದಾಳೆ, ನಿಮಗೆ ನೀರು ಕೊಟ್ಟವಳೇ ಅವಳು ಎಂದು ಹೇಳುವುದು ಎಷ್ಟು ಸುಲಭವಾಗಿತ್ತು.

‘ಹ್ವಾದ ಭಾದ್ರಪದದಾಗರಿ’ ಎಂದಳು ಭಕ್ತಿ. ಗೋಡೆಗೆ ಆನಿಕೊಂಡು ನಿಂತಿದ್ದಳು. ‘ಕ್ಷಮಾವಣಿ ದಿನ, ಇವತ್ತಿನಂಗ.’

‘ಅಂದ್ರ ಇವತ್ತಿಗೆ ಬರೋಬ್ಬರಿ ವರ್ಷ ಆತು’ ಎಂದು ಸತ್ತೆಪ್ಪ ಕಣ್ಣು ಮುಚ್ಚಿದ. ‘ತ್ರಾಸ ಆಗಿತ್ತೇನ್ರಿ?’

‘ಇಲ್ರಿ. ಎದುರಿಗೆ ಮನಿ ಮಂದಿ ಇದ್ರು.’

ಕೆಳಗೆ ಬಸ್ಸು ಬಂದು ನಿಂತು ಎರಡು ಸಲ ಹಾರ್ನ್ ಹಾಕಿತು. ಸದಾಶಿವ ಲಕೋಟೆಗಾಗಿ ಹಾಗೆ ಹಾಕುವುದು ರೂಢಿ. ಭಕ್ತಿ ಮೇಜಿನ ಹತ್ತಿರ ಬಂದು ಪ್ರೂಫಿನ ಹಾಳೆಗಳನ್ನು ಜೋಡಿಸಿದಳು. ‘ಲೇಖಕರ ಮಾತು’ ಎಂಬ ಖಾಲಿ ಹಾಳೆಯ ಹಿಂದೆ ತಾನು ಟೈಪ್ ಮಾಡಿದ ಒಂದು ಹಾಳೆಯನ್ನು ಸೇರಿಸಿದಳು. ತಾನು ಮೆಟ್ಟಿಲು ಹತ್ತುವಾಗ ಅವಳು ಟೈಪ್ ಮಾಡುತ್ತಿದ್ದದ್ದು ಇದನ್ನೇ ಎಂದು ಅವನಿಗೆ ಈಗ ತಿಳಿಯಿತು. ಮೊದಲ ಸಾಲು ಕಣ್ಣಿಗೆ ಬಿತ್ತು: ‘ಈ ಕೃತಿಯನ್ನು ರಚಿಸುವಲ್ಲಿ ನನಗೆ ನೆರವಾದ ಸರ್ವರಿಗೂ ಕೃತಜ್ಞನಾಗಿದ್ದೇನೆ.’ ಎಲ್ಲವನ್ನೂ ಲಕೋಟೆಯೊಳಗೆ ಹಾಕಿ, ಅಂಟು ಹಚ್ಚುವ ಮೊದಲು, ತೆರೆದ ಬಾಯಿಯನ್ನು ಅವನ ಕಡೆ ಹಿಡಿದು ನಿಂತಳು. ಸತ್ತೆಪ್ಪ ತಲೆ ಎತ್ತಿದ.

‘ಖರೇನ ಕಳಸಲೇನು, ದಾದಾ?’

ಒಂದೇ ಸಲ ಕೇಳಿದಳು. ಅವನಿಗೆ ಆ ಸ್ವರದ ಗುರುತು ಸಿಕ್ಕಿತು. ಎರಡು ವರ್ಷದ ಹಿಂದೆ ತಾನೇ ತೆಗೆದುಹಾಕಿದ ಸಾಲು ಎದ್ದು ಎದುರು ನಿಂತಿತ್ತು. ಬೇಡ ಎನ್ನಬೇಕಿತ್ತು. ಹಾರ್ನ್ ಮತ್ತೊಮ್ಮೆ ಕೂಗಿತು. ಗೋಕಾಕದ ಆ ನಗು ಕಿವಿಯಲ್ಲಿ ಕಿಸಕ್ಕೆಂದಿತು. ಅವನು ಹೂಂ ಎನ್ನುವ ಹಾಗೆ ತಲೆ ಆಡಿಸಿದ. ಅವಳು ಲಕೋಟೆಯ ಅಂಚನ್ನು ನಾಲಿಗೆಯಿಂದ ಒದ್ದೆ ಮಾಡಿ, ಬೆರಳಿನಿಂದ ನೀಟಾಗಿ ಒತ್ತಿ ಅಂಟಿಸಿ, ಮೆಟ್ಟಿಲು ಇಳಿದು ಹೋದಳು. ಬಾಗಿಲು ತೆರೆದೇ ಇತ್ತು.

ಸತ್ತೆಪ್ಪ ಆ ಬಾಗಿಲನ್ನೇ ನೋಡುತ್ತ ಕೂತಿದ್ದ. ತೊಡೆಯ ಮೇಲಿನ ಕಟ್ಟು ಜಾರಿ ಒಂದೆರಡು ತುಣುಕುಗಳು ನೆಲಕ್ಕೆ ಬಿದ್ದಿದ್ದವು.

‘ಈ ಅಕ್ಕಾರು ಯಾರ್ರಿ?’

‘ತಂಗಿ.’

‘ಇವರೂ ಏನರೆ ಬರೀತಾರೇನ್ರಿ, ಸರ್ರ?’

ಕೆಳಗೆ ಬಸ್ಸು ಗೇರು ಬದಲಿಸಿ ಗೋಕಾಕದ ಕಡೆ ಹೊರಟ ಸದ್ದು ಕೇಳಿಸಿತು.

‘ಇಲ್ಲ’ ಎಂದ ಜಿನೇಂದ್ರ. ಸತ್ತೆಪ್ಪ ಬಂದಾಗ ಮುಗಿದ ಕೈಗಳನ್ನು ಅವನು ಇನ್ನೂ ಬಿಡಿಸಿರಲಿಲ್ಲ.